ದಾರಿ ತಪ್ಪಿದ ಪೈ

"ಈ ಸಲ ಪೈ ನಾನೇ ಮಾಡುತ್ತೇನೆ!"

ನಾನು ಹೀಗೆಂದು ಘೋಷಿಸಿದಾಗ ನನ್ನ ಹೆಂಡತಿ ಎಡ್ನಾ ಪ್ಲಾಸ್ಟರ್ ಹಾಕಿದ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದಳು. ಚಹಾ ನೆತ್ತಿಗೇರಿತು. ನಮ್ಮ ನಾಯಿ ಗ್ಲೆನ್ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು. ಮಹಾಪುರುಷರಿಗೆ ಸ್ವಂತ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ!

"ನೀನಾ? ಪೈಯಾ?" ಎಂದಳು ಎಡ್ನಾ, ಕೆಮ್ಮು ನಿಂತ ಮೇಲೆ. "ಹೋದ ವಾರ ಮೊಟ್ಟೆ ಬೇಯೋಕೆ ಇಟ್ಟು, ಕಿಟಕಿ ಹತ್ರ ಮೋಡ ನೋಡ್ತಾ ನಿಂತು ಪಾತ್ರೆ ಸೀಯಿಸಿದೋನು ಯಾರಪ್ಪ?"

"ಆ ಮೋಡ ಥೇಟ್ ಟಗರಿನ ಹಾಗೇ ಇತ್ತು ಮಾರಾಯ್ತಿ! ನೀನೂ ನೋಡಬೇಕಿತ್ತು."

"ನಾನು ನೋಡಿದ್ದು ಪಾತ್ರೆ."

ಇಂಗ್ಲೆಂಡಿನ ಕಂಬ್ರಿಯಾದ ಬೆಟ್ಟದಲ್ಲಿ ಕುರಿ ಕಾಯುವವನಿಗೆ ಹಗಲುಗನಸು ದುರಭ್ಯಾಸವಲ್ಲ, ಕಸುಬಿನ ಒಂದು ಭಾಗ. ಸುತ್ತ ಮಂಜು, ಮುಂದೆ ಮೇಯುವ ಕುರಿ. ಮನುಷ್ಯ ಮತ್ತೇನು ಮಾಡಬೇಕು? ಈ ವಾದವನ್ನು ಎಡ್ನಾ ಮುಂದೆ ಮಂಡಿಸಿ ನಾನು ಇದುವರೆಗೆ ಗೆದ್ದಿಲ್ಲ.

ವಿಷಯವೇನೆಂದರೆ, ನಾಡಿದ್ದು ನಮ್ಮ ಕಣಿವೆಯ ಕುರಿಗಾರರ ಕೂಟ. ನಮ್ಮ ಬೆಟ್ಟಕ್ಕೆ ಬೇಲಿಯಿಲ್ಲ. ನನ್ನ ಕುರಿ ಪಕ್ಕದವನ ಮಂದೆಗೆ, ಪಕ್ಕದವನದು ನನ್ನ ಮಂದೆಗೆ ಸೇರಿಕೊಂಡಿರುತ್ತದೆ. ಚಳಿಗಾಲ ಕಾಲಿಡುವ ಮೊದಲು ಎಲ್ಲರೂ ಇಂಥ ದಾರಿ ತಪ್ಪಿದ ಕುರಿಗಳನ್ನು ಊರ ಪಬ್ಬಿನ ಹಿತ್ತಲಿಗೆ ಅಟ್ಟಿಕೊಂಡು ಬಂದು, ಉಣ್ಣೆಯ ಮೇಲೆ ಬಳಿದ ಬಣ್ಣದ ಗುರುತು ನೋಡಿ ಅವರವರಿಗೆ ಒಪ್ಪಿಸುತ್ತೇವೆ. ನಮ್ಮ ಮನೆಯ ಗುರುತು ಎರಡು ಅಡ್ಡಗೆರೆ. ಎಡ್ನಾಳ ತವರಿನದು ಕೊಕ್ಕೆ. ಈಗ ಆ ಕೊಕ್ಕೆಯ ಒಡೆಯ ಅವಳ ತಮ್ಮ ಐಸಾಕ್. ಗುರುತು ಯಾರದೋ ಕುರಿ ಅವರದು, ಅದರ ಮೇಲೆ ಮಾತಿಲ್ಲ. ಬಣ್ಣ ಮಾಸಿ ತಕರಾರಾದರೆ ತೀರ್ಪು ಕೊಡುವವನು ಸಾಕ್ಷಾತ್ ನಾನು, ವಿಲ್ಫ್! ಕಣಿವೆಯ ಪ್ರತಿಯೊಂದು ಗುರುತೂ ನನಗೆ ಬಾಯಿಪಾಠ. ಇದನ್ನು ನಾನಾಗಿ ಹೇಳಿಕೊಳ್ಳುವವನಲ್ಲ. ಹೇಳಿಕೊಂಡರೂ ಸಿಕ್ಕಿದವರಿಗೆ ಮಾತ್ರ.

ಕುರಿ ಹಂಚಿದ ಮೇಲೆ ಊಟ. ಮನೆಗೊಂದು ಪೈ ಬರುತ್ತದೆ: ಕೆಳಗೆ ಕುರಿಮಾಂಸದ ಕೈಮಾ, ಮೇಲೆ ಹಿಸುಕಿದ ಆಲೂಗಡ್ಡೆಯ ದಪ್ಪ ಹೊದಿಕೆ. ಊರಾಚೆಯವರು ಇದನ್ನು ಶೆಫರ್ಡ್ಸ್ ಪೈ ಎಂದು ಬಾಯಿ ತುಂಬ ಕರೆಯುತ್ತಾರೆ, ನಮಗದು ಬರೀ ಪೈ. ಎಲ್ಲರ ಬೋಗುಣಿಯೂ ಪೇಟೆಯ ಒಂದೇ ಅಂಗಡಿಯ ನೀಲಿ ಅಂಚಿನ ಬಿಳಿ ಬೋಗುಣಿ. ಹಾಗಾಗಿ ಅದಲುಬದಲಾಗದಂತೆ ಆಲೂಗಡ್ಡೆಯ ಮೇಲೆ ಫೋರ್ಕಿನಿಂದ ಮನೆಯ ಗುರುತನ್ನು ಎಳೆದಿರುತ್ತಾರೆ. ಯಾರ ಪೈ ಮಿಕ್ಕುತ್ತದೋ ಅವರು ಅಷ್ಟೂ ಮನೆಗಳ ಬೋಗುಣಿ ತೊಳೆಯಬೇಕು. ಎಡ್ನಾ ನಮ್ಮ ಮನೆಗೆ ಬಂದಂದಿನಿಂದ ನಮ್ಮ ಬೋಗುಣಿಯಲ್ಲಿ ಒಂದು ಅಗುಳಷ್ಟೂ ಮಿಕ್ಕಿದ್ದಿಲ್ಲ. ಅವಳಿಗೆ ಬೇರೆ ಒಡವೆ ಇಲ್ಲ, ಇದೊಂದೇ.

"ನೋಡು ವಿಲ್ಫ್, ಈ ಸಲ ಆಗಲ್ಲ ಅಂತ ಹೇಳಿ ಕಳಿಸೋಣ. ಕೈ ಮುರಿದಿದೆ ಅಂದ್ರೆ ಯಾರೂ ಏನೂ ಅನ್ನಲ್ಲ."

"ಎಡ್ನಾ! ನಿನ್ನ ಮಾನ ಈಗ ನನ್ನ ಕೈಯಲ್ಲಿದೆ!"

"ಅದೇ ನಂಗೆ ಭಯ."

"ನಾಳೆ ನೀನು ಅಡುಗೆಮನೆಗೆ ಕಾಲಿಡಕೂಡದು. ನಿನ್ನ ಪದ್ಧತಿ ನನಗೆ ಗೊತ್ತಿಲ್ಲವೇ? ಇಷ್ಟು ವರ್ಷ ತಿಂದಿದ್ದೇನೆ!"

"ತಿಂದೋರೆಲ್ಲ ಮಾಡೋ ಹಾಗಿದ್ರೆ ಗ್ಲೆನ್ನೇ ಒಲೆ ಹಚ್ತಿತ್ತು. ಸರಿ, ನಾನು ಬೆಳಿಗ್ಗೆ ಐಸಾಕ್ ಮನೆಗೆ ಹೋಗ್ತೀನಿ. ಕಣ್ಣೆದುರಿಗಿಲ್ಲ ಅಂದ್ರೆ ಎದೆ ಹೊಡ್ಕೊಳ್ಳೋದಾದ್ರೂ ಕಡಿಮೆಯಾಗುತ್ತೆ. ಒಂದು ಮಾತು ಮಾತ್ರ ನೆನಪಿಟ್ಕೋ. ಉಪ್ಪು ಒಂದೇ ಸಲ!"

ಮರುದಿನ ಅವಳು ಅತ್ತ ಹೋದಳು, ನಾನು ಇತ್ತ ಸೊಂಟಕ್ಕೆ ಏಪ್ರನ್ ಬಿಗಿದು ಯುದ್ಧಕ್ಕೆ ನಿಂತೆ. ಬಾಯಲ್ಲಿ ಸೀಟಿ. ಹಲ್ಲಿಗೂ ತುಟಿಗೂ ನಡುವೆ ಸಿಕ್ಕಿಸಿಕೊಳ್ಳುವ ಅರ್ಧಚಂದ್ರಾಕಾರದ ಪುಟ್ಟ ತಗಡಿನ ಸೀಟಿ ಅದು. ಅದನ್ನು ಊದಿದರೆ ಗ್ಲೆನ್ ಎಂಥ ಮಂಜಿನಲ್ಲೂ ಕುರಿಯನ್ನು ಸುತ್ತುವರಿದು ನನ್ನ ಕಾಲ ಬಳಿ ತಂದು ನಿಲ್ಲಿಸುತ್ತದೆ. ಬೆಳಿಗ್ಗೆ ಬಾಯಿಗೆ ಹಾಕಿಕೊಂಡರೆ ಊಟಕ್ಕೆ ಮಾತ್ರ ತೆಗೆಯುವುದು ನನ್ನ ರೂಢಿ.

ಭಾನುವಾರ ಹುರಿದ ಕುರಿಯ ತೊಡೆಯಲ್ಲಿ ಉಳಿದ ಮಾಂಸವನ್ನು ಕೊಚ್ಚಿದೆ. ಈರುಳ್ಳಿ, ಕ್ಯಾರೆಟ್ ಹೆಚ್ಚಿ ಬಾಡಿಸಿದೆ, ಮಾಂಸ ಸುರಿದೆ, ಉಪ್ಪು ಹಾಕಿದೆ. ಆಹಾ! ಕುದಿಯುವ ಸದ್ದು ಎಷ್ಟು ಇಂಪಾಗಿತ್ತೆಂದರೆ ಸೌಟು ಹಿಡಿದವನು ಹಾಗೇ ಕಿಟಕಿಯತ್ತ ತಿರುಗಿದೆ. ಹೊರಗೆ ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ಒಳಗೆ ಪಾತ್ರೆಯಿಂದ ಆವಿ ಏಳುತ್ತಿತ್ತು. ಗಾಜಿನ ಹತ್ತಿರ ಬಂದಾಗ ಯಾವುದು ಮಂಜು, ಯಾವುದು ಆವಿ ಎಂದೇ ಗೊತ್ತಾಗಲಿಲ್ಲ. ಮನೆಯೇ ನೆಲ ಬಿಟ್ಟು ತೇಲುತ್ತಿದೆ, ನಾನು ಸೌಟು ಹಿಡಿದ ಅಂಬಿಗ ಎನಿಸಿತು. ಎಷ್ಟು ಹೊತ್ತು ತೇಲಿದೆನೋ! ಎಚ್ಚರವಾದಾಗ ಮೊದಲು ಹೊಳೆದದ್ದು, ಅಯ್ಯೋ, ಉಪ್ಪು! ಹಾಕಿದೆ.

ಆಮೇಲೆ ಒಂದು ಬೂದುಬಣ್ಣದ ಕುರಿ ಗೋಡೆಯಾಚೆ ನಿಂತು ನನ್ನನ್ನೇ ನೋಡಿತು. ನಾನೂ ಅದನ್ನೇ ನೋಡಿದೆ. ಅದರ ಕಣ್ಣಲ್ಲಿ ಏನೋ ತತ್ತ್ವಜ್ಞಾನ ಇದ್ದಂತೆ ಕಂಡಿತು. ಅದು ಹೋದ ಮೇಲೆ ನೆನಪಾಯಿತು, ಉಪ್ಪು! ಹಾಕಿದೆ. ಉಪ್ಪಿನ ವಿಷಯದಲ್ಲಿ ಎಡ್ನಾಳ ಎಚ್ಚರಿಕೆಯನ್ನು ನಾನು ಒಂದು ಸಲವೂ ಮರೆಯಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು!

ಕೈಮಾ ಬೋಗುಣಿಗಿಳಿಯಿತು. ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆಯನ್ನು ಅದರ ಮೇಲೆ ಹರಡಿದೆ. ನೋಡುತ್ತಿದ್ದ ಹಾಗೆ ಅದು ಹಿಮ ಬಿದ್ದ ನಮ್ಮ ಬೆಟ್ಟವಾಯಿತು. ಇಗೋ ಇಲ್ಲಿ ಹಳ್ಳ, ಇಲ್ಲಿ ಕುರಿಗಳ ಕಾಲುದಾರಿ, ಇಲ್ಲಿ ಪಬ್ಬಿನ ಹಿತ್ತಲು. ಆ ಹಿತ್ತಲಲ್ಲೇ ನಾನು ಎಡ್ನಾಳನ್ನು ಮೊದಲು ಕಂಡದ್ದು. ಅವತ್ತೂ ಹೀಗೇ ಮಂಜು. ಅವಳ ಅಪ್ಪನ ತಪ್ಪಿಸಿಕೊಂಡ ಕುರಿಯೊಂದನ್ನು ನಾನು ಒಪ್ಪಿಸಲು ಹೋದರೆ, ಎದುರಿಗೆ ಹುಡುಗಿ! ಕೂದಲ ತುಂಬ ಇಬ್ಬನಿ. ಕುರಿಯ ಕತ್ತನ್ನು ತಬ್ಬಿ ಹಿಡಿದು, "ಗುರುತು ನಮ್ದೇ, ಬಿಡು. ಏನು ಹಾಗೆ ನೋಡ್ತೀಯಾ?" ಎಂದಿದ್ದಳು. ನಾನು ಕುರಿಯನ್ನು ಬಿಟ್ಟೆ, ನೋಡುವುದನ್ನು ಬಿಡಲಿಲ್ಲ. ಅದನ್ನು ನೆನೆದು ಈಗಲೂ ಬಾಯಿ ತೆರೆದು ನಿಟ್ಟುಸಿರು ಬಿಟ್ಟೆ. ಫೋರ್ಕು ತಾನಾಗಿಯೇ ಗುರುತು ಎಳೆಯಿತು. ಪೈ ಒಲೆಯ ಗೂಡು ಸೇರಿ ಹೊಂಬಣ್ಣಕ್ಕೆ ತಿರುಗಿತು.

ಸಂಜೆ ಗ್ಲೆನ್‌ನನ್ನು ಕರೆಯೋಣವೆಂದರೆ ಬಾಯಲ್ಲಿ ಸೀಟಿಯಿಲ್ಲ! ಜೇಬು, ಹಾಸಿಗೆ, ಕೋಳಿಗೂಡು ಎಲ್ಲ ಹುಡುಕಿದೆ. ಸಿಗಲಿಲ್ಲ. ಮರುದಿನ ಕೂಟದಲ್ಲಿ ಕೂಗಿ ಕೂಗಿಯೇ ನಾಯಿಯನ್ನು ನಡೆಸಬೇಕಾಯಿತು. ಗಂಟಲು ಕಟ್ಟಿತು. ಆದರೂ ಮಾಸಿದ ಗುರುತುಗಳ ಮೇಲೆ ನಾನು ಕೊಟ್ಟ ತೀರ್ಪುಗಳಿಗೆ ಇಡೀ ಕಣಿವೆ ತಲೆಬಾಗಿತು.

ಸಂಜೆ ಪಬ್ಬಿನ ಉದ್ದನೆಯ ಮೇಜಿನ ಮೇಲೆ ಬಿಸಿ ಮಾಡಿದ ಪೈಗಳು ಸಾಲಾಗಿ ಕೂತವು. ಎಡ್ನಾ ಈ ತುದಿಯಿಂದ ಆ ತುದಿಗೆ ನೋಡಿ ನನ್ನ ತೋಳು ಚಿವುಟಿದಳು.

"ನಮ್ಮ ಎರಡು ಗೆರೆ ಎಲ್ಲಿ?"

"ಇಲ್ಲೇ ಎಲ್ಲೋ..." ಎನ್ನುತ್ತ ನೋಡಿದೆ. ಇಲ್ಲ! ಎರಡು ಗೆರೆಯ ಪೈ ಎಲ್ಲೂ ಇಲ್ಲ. ಕೊಕ್ಕೆಯ ಗುರುತಿನ ಪೈ ಮಾತ್ರ ಎರಡಿದ್ದವು. ಕನಸಿನಲ್ಲಿ ಕೈ ಎಳೆದದ್ದು ಅವಳ ಅಪ್ಪನ ಕೊಕ್ಕೆ!

"ಇದೇನ್ರೋ ಇದು!" ಐಸಾಕ್ ಮೇಜು ಕುಟ್ಟಿದ. "ನಾನು ತಂದಿದ್ದು ಒಂದು, ಇಲ್ಲಿ ಎರಡಿದೆ! ಕುರಿ ಮರಿ ಹಾಕೋದು ಕಂಡಿದೀನಿ, ಪೈ ಮರಿ ಹಾಕಿದ್ದು ಇದೇ ಮೊದಲು! ಏನ್ ಭಾವ, ತೀರ್ಪು ಕೊಡು. ಇದು ಯಾರದು?"

"ಗುರುತು ಯಾರದೋ... ಅವರದು" ಎಂದೆ.

ಊಟ ಸಾಗಿತು. ಕೊಕ್ಕೆಯ ಒಂದು ಪೈ ನೋಡನೋಡುತ್ತಲೇ ಮಾಯ! "ಭೇಷ್ ಐಸಾಕ್!" ಎಂದು ಬೆನ್ನು ತಟ್ಟಿದರು. ನನಗೂ ಒಂದು ಚಮಚ ಸಿಕ್ಕಿತು. ಬಾಯಿಗಿಟ್ಟೆ, ರೋಮಾಂಚನವಾಯಿತು. ಎಡ್ನಾಳ ಕೈರುಚಿ! ಐಸಾಕನಿಗೆ ಜನ್ಮದಲ್ಲಿ ಒಳ್ಳೆಯ ಪೈ ಮಾಡಲು ಬಂದದ್ದಿಲ್ಲ. ಎಡ್ನಾಳ ಪದ್ಧತಿಯನ್ನು ಬಲ್ಲ ಗಂಡಸು ಕಣಿವೆಯಲ್ಲಿ ಒಬ್ಬನೇ. ಕೊಕ್ಕೆಯ ಇನ್ನೊಂದು ಪೈಯನ್ನು ತಿಂದವರು ಮುಖ ಕಿವುಚಿ ನೀರಿನ ಹೂಜಿಗೆ ಓಡುತ್ತಿದ್ದರು. ಪಾಪ ಐಸಾಕ್ ಎಂದುಕೊಂಡೆ.

ಆಗ ಎಡ್ನಾ ಮೆಲ್ಲನೆ ಕೇಳಿದಳು, "ತರೋದೇ ಮರೆತ್ಯಾ ವಿಲ್ಫ್? ಪೂರ್ತಿ ಮೇಜಲ್ಲಿ ನಮ್ಮ ಮನೇದು ಒಂದೂ ಇಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣು ತುಂಬಿತ್ತು.

ಅದನ್ನು ಕಂಡು ನನಗೆ ಕೂರಲಾಗಲಿಲ್ಲ. ಮಾನ ಹೋದರೆ ಹೋಗಲಿ ಎಂದು ಬೆಂಚಿನ ಮೇಲೆ ಹತ್ತಿ ನಿಂತೆ.

"ಕಣಿವೆಯ ಮಹಾಜನಗಳೇ! ಗುರುತು ಎಳೆಯುವಾಗ ಈ ವಿಲ್ಫ್ ತಪ್ಪಿದ! ಮೈಮರೆತು ಸ್ವಂತ ಪೈಗೆ ಭಾವಮೈದುನನ ಕೊಕ್ಕೆ ಹಾಕಿದ! ನೀವೆಲ್ಲ ಬೆರಳು ನೆಕ್ಕಿ ತಿಂದಿರಲ್ಲ, ಆ ಪೈ ಎಡ್ನಾಳ ಬೋಗುಣಿಯದು!"

ಪಬ್ಬು ಹೋ ಎಂದಿತು. "ಊರಿಗೆಲ್ಲ ತೀರ್ಪು ಕೊಡೋನಿಗೆ ಸ್ವಂತ ಗುರುತೇ ಗೊತ್ತಿಲ್ವಲ್ಲೋ!" ಎಂದು ಯಾರೋ ಕೂಗಿದರು.

"ವಿಲ್ಫ್, ಇಳಿ ಕೆಳಗೆ," ಎಡ್ನಾ ನನ್ನ ಪ್ಯಾಂಟು ಜಗ್ಗಿದಳು. "ಅದು ನಮ್ಮದಲ್ಲ."

"ಹೆದರಬೇಡ ಎಡ್ನಾ! ಸತ್ಯಕ್ಕೆ ಸಾವಿಲ್ಲ!"

ಸತ್ಯ ಆಗ ನಮ್ಮೂರ ಪಾದ್ರಿಗಳ ಬಾಯಲ್ಲಿತ್ತು. ಅನ್ನವನ್ನು ಬಿಸಾಡಬಾರದೆಂಬ ದಯೆಯಿಂದ ಅವರು ಯಾರಿಗೂ ಬೇಡವಾದ ಪೈಯನ್ನು ದೊಡ್ಡ ಚಮಚದಲ್ಲಿ ಬಾಯಿಗೆ ಹಾಕಿಕೊಂಡಿದ್ದರು. ಕಟಕ್ ಎಂದಿತು. ಪಾದ್ರಿಗಳು ಕಣ್ಣರಳಿಸಿ ಕೆಮ್ಮಿದರು. ಕೆಮ್ಮಿದೊಡನೆ ಅವರ ಬಾಯಿಂದ "ಪೀ... ಈ... ಈ!" ಎಂದು ಸೀಟಿ ಹೊಮ್ಮಿತು.

ಬಾಗಿಲ ಬಳಿ ಮಲಗಿದ್ದ ಗ್ಲೆನ್ ಬಾಣದಂತೆ ಎದ್ದಿತು. ಮೇಜಿನ ಕೆಳಗೆ ನುಸುಳಿ ಪಾದ್ರಿಗಳನ್ನು ಸುತ್ತುವರಿಯಿತು. ಅವರು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಅವರು ಮತ್ತೆ ಕೆಮ್ಮಿದರು, ಸೀಟಿ ಮತ್ತೆ ಊದಿತು, ಗ್ಲೆನ್‌ಗೆ ಇನ್ನಷ್ಟು ಹುಮ್ಮಸ್ಸು! ನಿಲುವಂಗಿ ಎತ್ತಿ ಹಿಡಿದು ಕುಪ್ಪಳಿಸುತ್ತಿದ್ದ ಪಾದ್ರಿಗಳನ್ನು ಅದು ಅಷ್ಟು ಜನರ ನಡುವೆ ಅಟ್ಟಿಕೊಂಡು ಬಂದು, ದಾರಿ ತಪ್ಪಿದ ಕುರಿಯನ್ನು ಒಡೆಯನಿಗೊಪ್ಪಿಸುವಂತೆ, ನನ್ನ ಬೆಂಚಿನ ಮುಂದೆ ತಂದು ನಿಲ್ಲಿಸಿ ಬಾಲ ಅಲ್ಲಾಡಿಸಿತು.

ಪಾದ್ರಿಗಳು ನನ್ನ ಸೀಟಿಯನ್ನು ಅಂಗೈ ಮೇಲೆ ಉಗುಳಿದರು.

"ತೀರ್ಪು ಆಯ್ತು!" ಐಸಾಕ್ ನಗುತ್ತ ಹೊಟ್ಟೆ ಹಿಡಿದುಕೊಂಡ. "ಗುರುತು ತಪ್ಪಿದ್ರೂ ನಾಯಿ ತಪ್ಪಲ್ಲ ಭಾವ! ಆ ಉಪ್ಪಿನ ಗಣಿ ನಿಂದೇ!"

"ಹಾಗಾದರೆ ಚೆನ್ನಾಗಿದ್ದ ಪೈ? ಅದರಲ್ಲಿ ಎಡ್ನಾಳ ಕೈರುಚಿ..."

"ನಿನ್ನೆ ಬೆಳಿಗ್ಗೆಯಿಂದ ನನ್ನ ಅಡುಗೆಮನೇಲಿ ಕುರ್ಚಿ ಹಾಕ್ಕೊಂಡು ಕೂತಿದ್ದು ಯಾರು ಅಂದ್ಕೊಂಡೆ? ಇಷ್ಟು ಹೆಚ್ಚು, ಅಷ್ಟು ಹಾಕು, ಕಿಟಕಿ ಕಡೆ ನೋಡ್ಬೇಡ ಅಂತ ತಲೆ ಮೇಲೆ ಮೊಟಕಿ ಮೊಟಕಿ ಮಾಡಿಸಿದ್ಲು ಅಕ್ಕ!"

ಪಬ್ಬಿನ ಪಾತ್ರೆ ತೊಳೆಯುವ ಕೋಣೆಯಲ್ಲಿ ನಾನೊಬ್ಬನೇ. ಮುಂದೆ ನೀಲಿ ಅಂಚಿನ ಬೋಗುಣಿಗಳ ಬೆಟ್ಟ. ಎಡ್ನಾ ನಮ್ಮ ಬೋಗುಣಿ, ಒಂದು ಚಮಚ, ಒಂದು ಹೂಜಿ ನೀರು ತಂದು ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

"ನಮ್ಮಪ್ಪನ ಗುರುತು ಯಾಕೆ ಹಾಕ್ದೆ?"

ಹೇಳಿದೆ. ಮಂಜು, ಹಿತ್ತಲು, ಇಬ್ಬನಿ, ಕುರಿಯ ಕತ್ತು, ಎಲ್ಲ ಹೇಳಿದೆ. ಅವಳು ಎಡಗೈಯಲ್ಲಿ ಚಮಚ ಹಿಡಿದು ಆ ಪೈಯನ್ನು ತಿನ್ನತೊಡಗಿದಳು. ಒಂದು ತುತ್ತು ಪೈ, ಒಂದು ಗುಟುಕು ನೀರು.

"ಬೇಡ ಮಾರಾಯ್ತಿ! ಗ್ಲೆನ್ ಕೂಡ ಮೂಸಿ ನೋಡಲಿಲ್ಲ."

"ನನ್ನ ಬೋಗುಣಿ ಮಿಕ್ಕಿಸ್ಕೊಂಡು ಮನೆಗೆ ಬಂದಿದ್ದಿಲ್ಲ. ಇವತ್ತೂ ಬರಲ್ಲ."

ಅವಳು ಮುಖ ಕಿವುಚುತ್ತ ತಿನ್ನುವುದನ್ನು ನೋಡುತ್ತ ನಿಂತೆ. ಇಂಥ ಹೆಂಡತಿ ಯಾರಿಗುಂಟು! ಕೈಯಲ್ಲಿದ್ದ ನೊರೆ ಕಿಟಕಿಯ ಬೆಳಕಿಗೆ ಮಂಜಿನಂತೆ ಹೊಳೆಯಿತು. ನಾನು ಮತ್ತೆ ಆ ಹಿತ್ತಲಿಗೆ ತೇಲಿ ಹೋಗುವವನಿದ್ದೆ, ಅಷ್ಟರಲ್ಲಿ ಬೋಗುಣಿ ನನ್ನ ಎದೆಗೆ ತಗುಲಿತು. ಅದರಲ್ಲಿ ಸರಿಯಾಗಿ ಅರ್ಧ ಉಳಿದಿತ್ತು.

"ನಾನು ತಿಂದಿದ್ದು ನಮ್ಮಪ್ಪನ ಗುರುತಿಗೆ" ಎಂದಳು ಎಡ್ನಾ, ಚಮಚವನ್ನು ನನ್ನ ಕೈಗಿಡುತ್ತ. "ಉಳಿದಿದ್ದು ನಿನ್ನ ಉಪ್ಪಿಗೆ. ತಿನ್ನು!"

ನಾನು ಮೆಲ್ಲಗೆ ಬಾಗಿಲ ಕಡೆ ನೋಡಿದೆ. ಅವಳು ಜೇಬಿನಿಂದ ನನ್ನ ಸೀಟಿಯನ್ನು ತೆಗೆದು ಬಾಯಿಗಿಟ್ಟು ಒಮ್ಮೆ ಊದಿದಳು. ಗ್ಲೆನ್ ಬಂದು ನನ್ನನ್ನು ಮೂಲೆಗೆ ಅಟ್ಟಿ, ಎದುರಿಗೆ ಕೂತಿತು.