ಮಾದರಿ ಆರೈಕೆದಾರ

ಬಾಗಿಲ ಸಂದಿಯಿಂದ ತೂರಿಬಂದ ಗುಲಾಬಿ ಕರಪತ್ರವನ್ನು ಗಡಿಯಾರ ರಿಪೇರಿಯವನು ಅಂದೇ ಒಲೆಗೆ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ‘ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದೀರಾ? ನಿಮಗೂ ಭತ್ಯೆ ಉಂಟು!’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಕ್ಕನಿಗೆ ಲಕ್ವ ಹೊಡೆದು, ಅವನು ಅಂಗಡಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಇಂಥದ್ದೊಂದು ಭತ್ಯೆ ಇದೆಯೆಂದು ಈ ನಾಲ್ಕು ವರ್ಷದಲ್ಲಿ ಒಬ್ಬ ಪುಣ್ಯಾತ್ಮನೂ ಬಾಯಿ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ತಾವೇ ಮುಂದಾಗಿ ಅರ್ಜಿ ತುಂಬಿಕೊಟ್ಟರು. ಹಣ ಬಂದರೆ ಮೊದಲು, ತಲೆಯ ಕಡೆ ಎತ್ತರಿಸಬಹುದಾದ ಮಂಚ ತರಬೇಕೆಂದು ಅವನ ಆಸೆ. ದಿನಕ್ಕೆ ಹತ್ತು ಸಲ ಅಕ್ಕನನ್ನು ಎತ್ತಿ ಕೂರಿಸಿ ಅವನ ಸೊಂಟ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಇನ್ನೊಂದು ವರ್ಷ ಹೀಗೇ ಎತ್ತಿದರೆ ಮನೆಯಲ್ಲಿ ಹಾಸಿಗೆ ಹಿಡಿದವರು ಇಬ್ಬರಾಗುತ್ತಿದ್ದರು.

ತಿಂಗಳ ಮೇಲೆ ಕಚೇರಿಯಿಂದ ಕಾಗದ ಬಂತು. ಬುಧವಾರ ಹತ್ತು ಗಂಟೆಗೆ ಜಾಗೃತಿ ಸಭೆ. ಅರ್ಜಿದಾರರು ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅರ್ಜಿ ವಜಾ.

ಬುಧವಾರ ಬೆಳಿಗ್ಗೆ ಅವನು ಪೋಸ್ಟ್‌ಮಾಸ್ಟರ ಮುಂದೆ ತಲೆ ಕೆರೆದುಕೊಂಡು ನಿಂತ. “ಅಕ್ಕನ್ನ ಯಾರ ಕೈಲಿ ಬಿಟ್ಟು ಹೋಗ್ಲಿ ಸಾರ್?”

“ನಾನೇನು ಸತ್ತಿದೀನೇನಯ್ಯಾ? ಪೇಪರ್ ಓದ್ಕೊಂಡು ಇಲ್ಲೇ ಕೂತಿರ್ತೀನಿ. ನೀನು ಹೊರಡು.”

“ಇವ್ರಾ?” ಅಕ್ಕ ಮಂಚದಿಂದಲೇ ತೊದಲಿದಳು. “ಇವ್ರಿಗೆ... ನೀರು ಕುಡಿಸೋಕೂ... ಬರಲ್ಲ.” ಅವಳ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ನಾಲಿಗೆ ನಿಧಾನವಾಗಿತ್ತೇ ಹೊರತು ಮೊಂಡಾಗಿರಲಿಲ್ಲ.

ಸಭಾಂಗಣದಲ್ಲಿ ಇನ್ನೂರು ಕುರ್ಚಿ, ಅರ್ಜಿದಾರರು ಮೂರೇ ಮಂದಿ. ಉಳಿದವರು ಹೇಗೆ ಬಂದಾರು? ಕಾಯಿಲೆಯವರನ್ನು ಬಿಟ್ಟು ಹೊಸಿಲು ದಾಟಲಾಗದವರಿಗೆಂದೇ ಇರುವ ಭತ್ಯೆಗೆ, ಮನೆ ಬಿಟ್ಟು ಬಂದು ಅರ್ಧ ದಿನ ಭಾಷಣ ಕೇಳಿ ಎಂದ ಆ ಮಹಾಬುದ್ಧಿವಂತ ಯಾರೋ! ಖಾಲಿ ಕುರ್ಚಿ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಕಚೇರಿಯ ನೌಕರರನ್ನೇ ಎಬ್ಬಿಸಿ ತಂದು ಕೂರಿಸಿದರು. ಹನ್ನೊಂದಾದರೂ ಅಧಿಕಾರಿಗಳ ಸುಳಿವಿಲ್ಲ. ಹನ್ನೊಂದಕ್ಕೆ ಅಕ್ಕನ ಮಗ್ಗುಲು ಬದಲಿಸಬೇಕು, ಹನ್ನೆರಡಕ್ಕೆ ಮಾತ್ರೆ ಕೊಡಬೇಕು. ಅವನಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು.

ಹನ್ನೆರಡಕ್ಕೆ ಅಧಿಕಾರಿ ಬಂದವರೇ ಗುಡುಗಿದರು. “ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ! ಸವಲತ್ತು ಕಾಯ್ತಾ ಇದೆ, ಕೇಳೋರೇ ಇಲ್ಲ!”

ಅವನು ಎದ್ದು ನಿಂತ. “ನಾನು ಕೇಳ್ತಾ ಇದೀನಿ ಸಾರ್. ನನ್ನ ಭತ್ಯೆ ಯಾವಾಗ ಬರುತ್ತೆ?”

ಅಧಿಕಾರಿಗೆ ಆನಂದವೋ ಆನಂದ. “ನೋಡಿ, ಎಚ್ಚೆತ್ತ ನಾಗರಿಕ ಅಂದ್ರೆ ಇವರು! ಬನ್ನಿ, ವೇದಿಕೆಗೆ ಬನ್ನಿ!”

ಕೈಗೊಂದು ಪ್ರಮಾಣಪತ್ರ ತುರುಕಿ, ‘ಮಾದರಿ ಆರೈಕೆದಾರ’ ಎಂದು ಘೋಷಿಸಿ, ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದರು. ನೌಕರರು ಚಪ್ಪಾಳೆ ತಟ್ಟಿದರು. ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ಅವನ ಮೈ ಉರಿದುಹೋಯಿತು.

“ಚಪ್ಪಾಳೆ ಹಾಸ್ಕೊಂಡು ಮಲಗ್ತಾಳಾ ಸಾರ್ ನಮ್ಮಕ್ಕ?” ಎಂದು ಮೈಕಿಗೇ ಬಾಯಿಟ್ಟು ಕೂಗಿದ. ಮೈಕಿನವನು ಜಾಣ, ಅಷ್ಟರಲ್ಲಿ ಅದನ್ನು ಆರಿಸಿಬಿಟ್ಟಿದ್ದ.

ಸಭೆ ಮುಗಿದದ್ದೇ ಕೌಂಟರಿಗೆ ಓಡಿದ. ಅಲ್ಲಿದ್ದ ಗುಮಾಸ್ತೆ ಕಡತ ತಿರುವಿದಳು. “ನಿಮ್ದು ಇವತ್ತೇ ಮನೆ ತನಿಖೆ ಇತ್ತಲ್ಲ! ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಹೋಗಿರ್ತಾರೆ.”

“ಹನ್ನೊಂದಕ್ಕೆ ನಾನು ಇಲ್ಲಿದ್ದೆನಲ್ಲಮ್ಮ!”

“ಇಲ್ಲಿಗೆ ಬರದೆ ಇದ್ದಿದ್ರೆ ಅರ್ಜಿ ವಜಾ ಆಗ್ತಿತ್ತು.”

“ಬಂದಿದ್ದಕ್ಕೆ?”

“ಅದು ಇನ್ಸ್‌ಪೆಕ್ಟರ್ ರಿಪೋರ್ಟ್ ನೋಡಿ ಹೇಳ್ಬೇಕು.”

ಅವನು ಬಿದ್ದಂಬೀಳ ಮನೆಗೆ ಓಡಿ ಬಂದ. ಬಾಗಿಲಲ್ಲೇ ಪೋಸ್ಟ್‌ಮಾಸ್ಟರು ಒಂದು ಕಾಗದ ಹಿಡಿದು ನಿಂತಿದ್ದರು. “ಮಂಜೂರಾಯ್ತಯ್ಯಾ! ನಿಂತ ನಿಲುವಿನಲ್ಲೇ ಮಂಜೂರಾಯ್ತು!”

ಅವನ ಕಣ್ಣು ತುಂಬಿಬಂತು. ಒರೆಸಿಕೊಂಡು ಕಾಗದ ನೋಡಿದ. ಆರೈಕೆದಾರರ ಹೆಸರಿರಬೇಕಾದಲ್ಲಿ ಪೋಸ್ಟ್‌ಮಾಸ್ಟರ ಹೆಸರಿತ್ತು.

“ನಾನೇನ್ ಮಾಡ್ಲಪ್ಪಾ? ತನಿಖೆ ವೇಳೆ ರೋಗಿ ಹತ್ರ ಯಾರಿರ್ತಾರೋ ಅವರೇ ಆರೈಕೆದಾರರು ಅಂತ ರೂಲ್ಸು. ನೀನು ಸಭೆಗೆ ಹೋಗಿದೀಯ ಅಂತ ಹೇಳ್ದೆ. ‘ರೋಗೀನ ಬಿಟ್ಟು ಸಭೆ ಗಿಭೆ ಅಂತ ತಿರುಗೋರಿಗೆ ಭತ್ಯೆ ಕೊಡೋಕಾಗಲ್ಲ’ ಅಂದ್ರು. ಸಹಿ ಮಾಡಿ ಅಂದ್ರು, ಮಾಡ್ದೆ. ಮೂವತ್ತು ವರ್ಷದ ಅಭ್ಯಾಸ ನೋಡು.”

“ಇವ್ರಲ್ಲ... ಇವ್ರಲ್ಲ ಅಂದೆ,” ಒಳಗಿಂದ ಅಕ್ಕನ ದನಿ ನಡುಗಿತು. “ರೋಗಿ ಮಾತಿಗೆ... ಫಾರಂನಲ್ಲಿ ಕಾಲಂ ಇಲ್ವಂತೆ.”

“ಹಾಗಾದ್ರೆ ಆ ದುಡ್ಡು ಬಂದ ಮೇಲೆ ನಮಗೆ ಕೊಟ್ಬಿಡಿ ಸಾರ್.”

ಪೋಸ್ಟ್‌ಮಾಸ್ಟರು ನಾಲಿಗೆ ಕಚ್ಚಿಕೊಂಡರು. “ಛೆ ಛೆ! ಸರ್ಕಾರದ ಹಣ ಬೇರೆಯವರ ಕೈಗೆ ಕೊಡೋದು ಅಪರಾಧ. ರೂಲ್ಸ್ ಪೂರ್ತಿ ಓದಿದೀನಿ.”

ಅವನು ಪ್ರಮಾಣಪತ್ರವನ್ನು ನೆಲಕ್ಕೆಸೆದು ಒಳಗೆ ಹೋದ. ಮೂರು ಗಂಟೆ ತಡವಾಗಿ, ಸೊಂಟ ಹಿಡಿದುಕೊಂಡು, ಅಕ್ಕನ ಮಗ್ಗುಲು ಬದಲಿಸತೊಡಗಿದ. ಪೋಸ್ಟ್‌ಮಾಸ್ಟರು ಹಿಂದೆಯೇ ಬಂದು ಗಂಟಲು ಸರಿಮಾಡಿಕೊಂಡರು.

“ಒಂದು ಸಣ್ಣ ಸಹಾಯ ಆಗ್ಬೇಕಿತ್ತಯ್ಯಾ. ಬರೋ ಬುಧವಾರ ಮಂಜೂರಾದವರಿಗೆಲ್ಲ ಸಭೆ ಅಂತೆ, ನಾನು ಖುದ್ದು ಹೋಗ್ಲೇಬೇಕಂತೆ. ನೀನು ಹೇಗೂ ಮನೇಲಿ ಸುಮ್ನೆ ಇರ್ತೀಯಲ್ಲ, ನಾನು ವಾಪಸ್ ಬರೋವರೆಗೂ ಅಕ್ಕನ್ನ ಸ್ವಲ್ಪ ನೋಡ್ಕೊಂಡಿರ್ತೀಯಾ?”