ಘಂಟಾ ಗಲ್ಲಿಯ ಕೆಂಪು ಗುರುತುಗಳ ಬಗ್ಗೆ ಗರುಡವೀರರಿಗೆ

ಇಂದ:
ಕುಮಾರಿ ಹರಿಣಾಕ್ಷಿ, ಭುಜಂಗ ಶೆಟ್ಟರ ಮಗಳು,
ಶಾಕಾಹಾರಿ ಹೋಟೆಲಿನ ಮಹಡಿ, ಘಂಟಾ ಗಲ್ಲಿ, ನಾಸಿಕ.

ಗೆ:
ಶ್ರೀ ಗರುಡವೀರರು, ದುಷ್ಟಸಂಹಾರಕರು ಹಾಗೂ ಗಲ್ಲಿರಕ್ಷಕರು,
ಮಾರ್ಫತ್ ಸಿನಿಮಾ ಕಂಪನಿಯ ಬಿಡಾರ, ದೌಲತಾಬಾದ್ ಕೋಟೆಯ ಬುಡ,
ಔರಂಗಾಬಾದ್ ಜಿಲ್ಲೆ.

ದಿನಾಂಕ: 11-3-1972, ಶನಿವಾರ

ವಿಷಯ: ಮೊದಲ ಎಲೆಯಲ್ಲಿ ಉಂಡು ಹೋದವರು ಗಲ್ಲಿಯನ್ನು ಕಾಯದೇ ಇರುವ ಬಗ್ಗೆ.

ಉಲ್ಲೇಖ: ನಮ್ಮ ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ತಾವು ಅಜ್ಜಿಯ ತಲೆ ಮುಟ್ಟಿ ಕೊಟ್ಟ ಮೌಖಿಕ ಅಭಯ.

ಮಾನ್ಯರೇ,

ನೆಲದ ಮೇಲಿರುವ ಸದರಿ ಅರ್ಜಿದಾರಳು ಆಕಾಶಮಾರ್ಗದಲ್ಲಿ ಸಂಚರಿಸುವ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಘಂಟಾ ಗಲ್ಲಿಯಲ್ಲಿ ಕಳೆದ ತಿಂಗಳು ತಮ್ಮ ಚಿತ್ರದ ಶೂಟಿಂಗ್ ನಡೆಯಿತು. ಕಥೆಯ ಪ್ರಕಾರ, ದುಷ್ಟನೊಬ್ಬ ಗಲ್ಲಿಯನ್ನು ಕೆಡವಲು ಮನೆಮನೆಯ ಗೋಡೆಗೆ ಕೆಂಪು ಕತ್ತರಿ ಗುರುತು ಹಾಕಿಸುತ್ತಾನೆ. ತಾವು ಹಾರಿ ಬಂದು ಅಳಿಸುತ್ತೀರಿ. ಗುರುತನ್ನು ಕಂಪನಿಯವರು ನಮ್ಮ ನಿಜವಾದ ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಬರೆದರು. ಚಿತ್ರವು ಹಾಸ್ಯಪ್ರಧಾನವೆಂದೂ ತಿಳಿಸಿದರು. ಗಲ್ಲಿಯವರಿಗೆ ನಗು ಬರುವುದು ತಡವಾಗುತ್ತಿದೆ, ಕ್ಷಮೆ ಇರಲಿ.

2. ಅರ್ಜಿದಾರಳ ಅಜ್ಜಿ ವಾರಿಜಾಕ್ಷಿಯಮ್ಮನವರು ಕುಂದಾಪುರದ ಕಡೆಯವರು. ಅವರ ಕಥೆಗಳಲ್ಲಿ ಊರು ಕಾಯುವವನಿಗೆ ಮೊದಲ ಎಲೆ ಹಾಕುತ್ತಾರೆ. ಉಂಡವನು ಹೊಣೆ ಹೊತ್ತ ಹಾಗೆ. ಇಂಥ ಕಥೆ ಕೇಳಿಯೇ ಬೆಳೆದ ಕಾರಣ ಅರ್ಜಿದಾರಳಿಗೆ ತಮ್ಮನ್ನು ಹಾರಿಸುತ್ತಿದ್ದ ಸೊಂಟದ ತಂತಿ ಕಂಡರೂ ಕಾಣಲಿಲ್ಲ. ಶೂಟಿಂಗ್ ಮುಗಿಯುವವರೆಗೂ ಗಿರಾಕಿಗಳನ್ನು ಕಾಯಿಸಿ ಅಜ್ಜಿ ಮೊದಲ ಎಲೆಯನ್ನು ತಮಗೇ ಹಾಕಿದರು. ತಾವು ಪಾಯಸವನ್ನು ಮತ್ತೆ ಕೇಳಿ ಹಾಕಿಸಿಕೊಂಡು, ಅಜ್ಜಿಯ ತಲೆಯ ಮೇಲೆ ಕೈಯಿಟ್ಟು, "ಡರೋ ಮತ್, ಅಮ್ಮಾ" (ಹೆದರಬೇಡಿ, ಅಮ್ಮಾ) ಎಂದಿರಿ. ಅಜ್ಜಿಗೆ ಹಿಂದಿ ಬಾರದು. ಆದ್ದರಿಂದ ಪೂರ್ತಿ ನಂಬಿದರು.

3. ಕಂಪನಿ ಗಂಟುಮೂಟೆ ಕಟ್ಟುವಾಗ ಗುರುತುಗಳನ್ನು ಅಳಿಸಿ ಹೋಗಿರೆಂದು ಅರ್ಜಿದಾರಳು ನಮ್ಮ ಕರಾವಳಿಯವರೇ ಆದ ಕಂಪನಿ ಮ್ಯಾನೇಜರ್ ಜಯಕರ ಅವರನ್ನು ಕೇಳಿಕೊಂಡಳು.

"ಅಳಿಸುದು ಹೀರೋನ ಕೆಲಸ ಮಾರಾಯ್ತಿ, ಅದೇ ಕ್ಲೈಮ್ಯಾಕ್ಸ್. ನಾವು ನೀವು ಮುಟ್ಟುವ ಹಾಗಿಲ್ಲ."

"ಹಾಗಾದ್ರೆ ಹೀರೋ ಯಾವಾಗ ಬರ್ತಾರೆ?"

"ಇಲ್ಲಿಗೆಂತಕ್ಕೆ ಬರುದು? ದೌಲತಾಬಾದಲ್ಲಿ ಪ್ಲೈವುಡ್ಡಿನ ಗೋಡೆ ರೆಡಿ ಉಂಟಲ್ಲ!"

ಅಂದರೆ ಹಾಕಿದ್ದು ನಮ್ಮ ಗೋಡೆಗೆ, ಅಳಿಸುವುದು ಪ್ಲೈವುಡ್ಡಿನದು.

4. ಇದೇ ಗುರುವಾರ ರಸ್ತೆ ಅಗಲ ಮಾಡುವ ಇಲಾಖೆಯ ಆಳುಗಳು ಬೇರೆಲ್ಲಿಗೋ ಹೊರಟವರು ನಮ್ಮ ಗುರುತುಗಳನ್ನು ಕಂಡು ಇಲ್ಲೇ ಹಾರೆ ಇಳಿಸಿದರು. ಮೊದಲಿಗೆ ಪಕ್ಕದ ಮನೆ ಸಂಗಮ್ಮನ ಜಗಲಿ. ಆಕೆ ರೊಟ್ಟಿ ತಟ್ಟಿ ಮಾರುವುದು ಅದೇ ಜಗಲಿಯ ಮೇಲೆ. ಮತ್ತೆ ಶೂಟಿಂಗ್ ಎಂದುಕೊಂಡು ಜನ ಜಮಾಯಿಸಿದರು.

"ಏ ಇದು ಸೂಟಿಂಗ್ ಅಲ್ರೋ ಯಪ್ಪಾ! ನನ್ನ ಮನೀ ಐತ್ರೋ!" ಎಂದು ಸಂಗಮ್ಮ ಎದೆ ಬಡಿದುಕೊಂಡಳು.

"ಕ್ಯಾ ಆಕ್ಟಿಂಗ್ ಹೈ!" ಎಂದು ಮೆಚ್ಚಿದರು ಯಾರೋ. ಜಗಲಿ ಒಂದೇ ಟೇಕಿನಲ್ಲಿ ಬಿತ್ತು. ಚಪ್ಪಾಳೆಯೂ ಬಿತ್ತು.

ಅರ್ಜಿದಾರಳು ಆ ಹೊತ್ತಿಗೆ ಮಹಡಿಯ ಮೇಲೆ ನಿಂತು ಆಕಾಶ ನೋಡುತ್ತಿದ್ದಳು. ಬಂದದ್ದು ಗಿಳಿಗಳು.

5. ಶುಕ್ರವಾರ ಅರ್ಜಿದಾರಳು ಸದರಿ ಇಲಾಖೆಗೆ ಹೋಗಲಾಗಿ, ಗುಮಾಸ್ತರಾದ ವೈಜನಾಥ ಎಂಬವರು ಬೀದರ್ ಕಡೆಯವರೆಂದು ತಿಳಿದು ಧೈರ್ಯ ಬಂತು. ಆ ಧೈರ್ಯ ಬಹಳ ಹೊತ್ತು ಇರಲಿಲ್ಲ.

"ಗುರುತ ನಮ್ದಲ್ಲಂದ್ರ ಮತ್ಯಾರ್ದು ತಂಗಿ? ಕೆಂಪದ, ಕತ್ರಿ ಅದ, ಗ್ವಾಡಿ ಮ್ಯಾಲದ. ಸರಕಾರಿ ಆಗ್ಲಿಕ್ಕ ಇನ್ನೇನ್ ಬೇಕ್ರಿ?"

"ನಿಮ್ಮ ಫೈಲಿನಲ್ಲಿ ನಮ್ಮ ಗಲ್ಲಿಯ ಹೆಸರು ಇದೆಯೇ ನೋಡಿ, ಸಾಹೇಬ್ರೆ."

"ಫೈಲ್ನಾಗ ಇಲ್ಲ. ಆದ್ರ ಗ್ವಾಡಿ ಮ್ಯಾಲ ಅದಲಾ. ನಾಳೆ ನಿಮ್ಮ ಹೋಟೆಲಿನ ಪಾಳಿ. ಹಾಂ, ಅಳಿಸಗಿಳಿಸೀರಿ ಮತ್ತ, ಕೇಸ್ ಆಗ್ತದ. ಹಾಕಿದವರೇ ಅಳಿಸ್ಬೇಕು."

ಹಾಕಿದವರು ಕೋಟೆಯ ಬುಡದಲ್ಲಿದ್ದಾರೆ. ತಾವು ಈಗ ರಕ್ಷಿಸುತ್ತಿರುವ ಆ ಕೋಟೆಯನ್ನು ಕೆಡವುವ ಯೋಚನೆ ಯಾರಿಗೂ ಇದ್ದಂತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

6. ಆ ಸಂಜೆ ಅರ್ಜಿದಾರಳು ಅಳುತ್ತಾ ಕೂತಾಗ ಅಜ್ಜಿ ಹೇಳಿದ್ದು ಹೀಗೆ: "ಮರ್ಕುದೆಂತಕೆ ಹೆಣ್ಣೆ? ಉಂಡವ ಕಾಯ್ಕ್. ಕಾಯದೆ ಇದ್ರೆ ನಿಲ್ಸಿ ಕೇಂಬುಕೆ ನಮ್ಗ್ ಹಕ್ಕಿತ್. ಒಂದ್ ಅರ್ಜಿ ಬರಿ."

ಕನ್ನಡದಲ್ಲಿ ಬರೆದರೆ ತಮಗೆ ತಿಳಿಯುವುದೇ ಎಂದು ಕೇಳಿದ್ದಕ್ಕೆ, ಪಾಯಸ ಕೇಳುವಾಗ ತಿಳಿದಿತ್ತಲ್ಲ ಎಂದರು.

7. ಈ ದಿನ ಆಳುಗಳು ಹಾರೆ ಸಮೇತ ಬಂದರು. ನಮ್ಮ ತಂದೆಯವರು ಅವರಿಗೆ ಅಡ್ಡ ನಿಲ್ಲಲಿಲ್ಲ. "ಊಟದ ಹೊತ್ತು, ಒಳಗ್ ಬನ್ನಿ. ಕೆಡವುದು ಹೊಟ್ಟೆ ತುಂಬಿದ ಮೇಲಿದ್ದದ್ದೇ" ಎಂದು ಎಲೆ ಹಾಕಿಸಿದರು. ಎರಡನೇ ಸಲ ಸಾರು, ಮೂರನೇ ಸಲ ಅನ್ನ, ಬೇಡವೆಂದವರಿಗೂ ಮಜ್ಜಿಗೆ. ಅಷ್ಟರಲ್ಲಿ ಹೊರಗೆ ಸದರಿ ಗುರುತುಗಳು ಅಳಿಸಿಹೋದವು. ನಮ್ಮ ಗೋಡೆಯದು ಮಾತ್ರ ಹೋದರೆ ಸ್ವಾರ್ಥವೆನಿಸುವ ಕಾರಣ ಇಡೀ ಗಲ್ಲಿಯವು ಹೋದವು. ನೀರಿನ ಬಕೆಟ್ಟು ಹಿಡಿದವಳು ಸಂಗಮ್ಮ. ಉಂಡು ಹೊರಬಂದ ಆಳುಗಳು ಗೋಡೆ ನೋಡಿದರು, ಮುಖ ಮುಖ ನೋಡಿಕೊಂಡರು. ಗುರುತಿಲ್ಲದ ಮನೆ ಕೆಡವಲು ಆರ್ಡರ್ ಇಲ್ಲದ ಕಾರಣ ಎಲೆಯಡಿಕೆ ಹಾಕಿಕೊಂಡು ಹೊರಟುಹೋದರು.

8. ಸಂಜೆಯೊಳಗೆ ವೈಜನಾಥರು ಸೈಕಲ್ಲಿನಲ್ಲಿ ಖುದ್ದಾಗಿ ಬಂದು ಹೇಳಿಹೋದ ಪ್ರಕಾರ, ಅಳಿಸಿದವರು ಸೋಮವಾರ ಬೆಳಿಗ್ಗೆ ಇಲಾಖೆಗೆ ಹಾಜರಾಗಿ, ಗುರುತು ಹಾಕಿದವರೂ ತಾವೇ ಎಂದು ರುಜುವಾತು ಮಾಡತಕ್ಕದ್ದು. ಇಲ್ಲವಾದರೆ ಇಡೀ ಗಲ್ಲಿಗೆ ಹೊಸದಾಗಿ, ಎಣ್ಣೆಬಣ್ಣದಲ್ಲಿ, ಗುರುತು ಹಾಕಲಾಗುವುದು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ಸೋಮವಾರ ವೇಷಭೂಷಣ ಸಮೇತ ಸದರಿ ಇಲಾಖೆಗೆ ಬಂದು, ಘಂಟಾ ಗಲ್ಲಿಯ ಗುರುತುಗಳನ್ನು ಹಾಕಿದ್ದು ತಮ್ಮ ಕಂಪನಿ, ಅಳಿಸಿದವರು ತಾವೇ ಎಂದು ಒಪ್ಪಿಕೊಳ್ಳಬೇಕಾಗಿ ಕೋರಿಕೆ. ಇದರಲ್ಲಿ ತಮಗೆ ಹೊಸ ಶ್ರಮವೇನೂ ಇಲ್ಲ. ಚಿತ್ರ ಬಿಡುಗಡೆಯಾದ ಮೇಲೆ ದೇಶವೆಲ್ಲ ಅದನ್ನೇ ನಂಬಲಿದೆ. ಸುಳ್ಳನ್ನು ಸ್ವಲ್ಪ ಮುಂಚಿತವಾಗಿ ಹೇಳಿದರಾಯಿತು. ರೈಲಿನಲ್ಲಿ ಬರುವುದಾದರೆ ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕು. ಹಾರಿ ಬರುವುದಾದರೆ ಬೇಕಿಲ್ಲ.

ಸೋಮವಾರದ ತನಕ ತಮ್ಮ ವಿಶ್ವಾಸಿ,
ಹರಿಣಾಕ್ಷಿ

ಲಗತ್ತು:
1. ಸಂಗಮ್ಮನ ಜಗಲಿಯ ಒಂದು ಇಟ್ಟಿಗೆ ಚೂರು.
2. ಅಜ್ಜಿಯ ಹೆಬ್ಬೆಟ್ಟಿನ ಒತ್ತು (ಸಾಕ್ಷಿ).
3. ಕೆಮ್ಮಣ್ಣು ಮೆತ್ತಿದ ಒದ್ದೆ ಬಟ್ಟೆ, ಒಂದು. ಇಲಾಖೆಯವರು ಕೇಳಿದರೆ ತಮ್ಮದೆಂದು ಹೇಳತಕ್ಕದ್ದು. ಕೆಲಸ ಮುಗಿದ ಮೇಲೆ ಒಗೆದು ಹಿಂದಿರುಗಿಸತಕ್ಕದ್ದು, ಅದು ನಮ್ಮ ಅಡುಗೆಮನೆಯದು.