ಮಾರ್ಗರೆಟಳ ಅಳತೆ

ಬೆತೆಲ್ ಕ್ರೈಸ್ತ ಸಭೆಯ ಸಾಗರೋತ್ತರ ಸೇವಾ ಸಮಿತಿಯ ನಿಯಮ ಹನ್ನೊಂದರ ಪ್ರಕಾರ, ಹೊರದೇಶಕ್ಕೆ ಸೇವೆಗೆಂದು ಹೋಗುವ ಪ್ರತಿಯೊಬ್ಬರೂ ಅಲ್ಲಿ ತಮಗಾದ ಅನುಭವದ ವರದಿಯನ್ನು ಹೊರಡುವುದಕ್ಕೆ ಇಪ್ಪತ್ತೊಂದು ದಿನ ಮೊದಲು ಸಲ್ಲಿಸತಕ್ಕದ್ದು.

ಇದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮೂರು ಕೊಫೊರಿದುವಾದಲ್ಲಿ ಇದನ್ನು ವಿಚಿತ್ರ ಎಂದವರನ್ನು ಇದುವರೆಗೆ ಯಾರೂ ಕಂಡಿಲ್ಲ. ಹಿಂದೊಮ್ಮೆ ಸಭೆಯಿಂದ ಒಂಬತ್ತು ಮಂದಿಯ ತಂಡ ಹಾಲೆಂಡಿಗೆ ಹೋಗಿತ್ತು. ವಾಪಸು ಬಂದವರು ನಾಲ್ವರು. ಉಳಿದ ಐವರು ಅಲ್ಲಿ ಸೇವೆ ಇನ್ನೂ ಮುಗಿದಿಲ್ಲ ಎಂದು ಇವತ್ತಿಗೂ ಹೇಳಿಕಳಿಸುತ್ತಾರೆ. ಬಂದ ನಾಲ್ವರಿಗೆ ವರದಿ ಬರೆಯಲು ಪುರುಸೊತ್ತಾಗಲಿಲ್ಲ. ವಾರ್ಷಿಕೋತ್ಸವದ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಉಳಿದು, ಅಲ್ಲಿ ಶವಪೆಟ್ಟಿಗೆ ಅಂಗಡಿಯ ಜಾಹೀರಾತು ಹಾಕಬೇಕಾಯಿತು. ಆಗ ಸಮಿತಿಯ ಕಾರ್ಯದರ್ಶಿಗಳು ಎದ್ದು ನಿಂತು, "ಹೋದವರು ವರದಿ ಕೊಡೋದಿಲ್ಲ. ಆದ್ದರಿಂದ ವರದಿ ಕೊಟ್ಟವರು ಮಾತ್ರ ಹೋಗಲಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಿಯಮ ಅಂಗೀಕಾರವಾಯಿತು.

ಆ ಕಾರ್ಯದರ್ಶಿಗಳೇ ಸೈಲಸ್ ಅಸಾರೆಯವರು. ಜನನ ಮರಣ ನೋಂದಣಿ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತರಾಗಿ ದುಡಿದವರು. ಜೀವಮಾನದಲ್ಲಿ ಒಂದು ಕಲಂ ಖಾಲಿ ಬಿಟ್ಟವರಲ್ಲ. ಆರು ವರ್ಷದ ಹಿಂದೆ ಹೆಂಡತಿ ಅಕೋಸುವಾ ತೀರಿಕೊಂಡಾಗ ಆಕೆಯ ಮರಣವನ್ನು ತಾವೇ ದುಂಡಗಿನ ಅಕ್ಷರದಲ್ಲಿ ನೋಂದಾಯಿಸಿ, ಮೊಹರು ಒತ್ತಿ, ಸರದಿಯಲ್ಲಿ ನಿಂತಿದ್ದ ಮುಂದಿನವರನ್ನು ಕರೆದವರು. ಅವತ್ತು ಅವರು ಅಳಲಿಲ್ಲ. ಆಮೇಲೂ ಅಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇಷ್ಟು ವರ್ಷ ಬೇರೆಯವರನ್ನು ಕಳಿಸಿಕೊಟ್ಟ ಅಸಾರೆಯವರ ಹೆಸರು ಈ ಸಲ ಸ್ಕಾಟ್ಲೆಂಡಿನ ತಂಡದ ಪಟ್ಟಿಗೆ ಬಂತು. ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಸುವಾರ್ತೆ ತಂದವರು ಬಂದಿದ್ದರು. ಈಗ ಅಲ್ಲಿ ಆರಾಧನೆಗೆ ಜನವಿಲ್ಲವಂತೆ. ಇನ್ವರ್‌ಡೋರಿ ಎಂಬ ಸಣ್ಣ ಊರಿನ ಸಭೆಯಲ್ಲಿ ಏಳೇ ಮಂದಿ. ಅವರಿಗೆ ಧೈರ್ಯ ಹೇಳುವುದು, ಹಾಡುವುದು, ಒಂಟಿ ಮುದುಕರ ಅಂಗಳ ಗುಡಿಸಿಕೊಡುವುದು ತಂಡದ ಕೆಲಸ. ಅಸಾರೆಯವರು ಅದುವರೆಗೆ ದಾಟಿದ್ದ ಅತಿ ದೊಡ್ಡ ನೀರೆಂದರೆ ವೋಲ್ಟಾ ನದಿ, ಅದೂ ಸೇತುವೆಯ ಮೇಲೆ.

ಅವರು ವರದಿ ಬರೆದು ಪಾಸ್ಟರ್ ಆಂಪೊನ್ಸೆಮ್ ಅಯ್ಯನವರ ಕೈಗಿತ್ತರು. ಅಯ್ಯನವರು ಕನ್ನಡಕ ಏರಿಸಿದರು.

"ಅಸಾರೆಯವರೇ, ಕಲಂ ಒಂಬತ್ತು ಖಾಲಿ ಇದೆಯಲ್ಲ?"

ಕಲಂ ಒಂಬತ್ತು ಎಂದರೆ 'ಕಣ್ಣೀರು: ಯಾರದ್ದು, ಯಾವ ದಿನ, ಎಷ್ಟು ಹೊತ್ತಿಗೆ'.

"ಅಯ್ಯನವರೇ, ಅಳು ಬರುತ್ತೋ ಇಲ್ವೋ ಈಗಲೇ ಹೇಗೆ ಹೇಳೋದು?"

"ನಿಯಮ ಬರೆದೋರು ನೀವು. ನನ್ನ ಕೇಳ್ತೀರಾ?"

ತಾನೇ ತೋಡಿದ ಗುಂಡಿ. ಅಸಾರೆಯವರು ಕೂತು ಬರೆದರು. ಮೂರನೆಯ ದಿನ, ಮಾರ್ಗರೆಟ್ ಎಂಬ ಒಂಟಿ ವೃದ್ಧೆಯ ಅಂಗಳ ಗುಡಿಸಲಾಯಿತು. ಆಕೆಗೆ ಸ್ತ್ರೀಯರ ಕೂಟದ ಕಾಣಿಕೆಯಾಗಿ ಹೊಸ ಉಡುಪು ಕೊಡಲಾಯಿತು. ಆಕೆ ಅದನ್ನು ತೊಟ್ಟು, ಮಧ್ಯಾಹ್ನ ನಾಲ್ಕಕ್ಕೆ ಮುಂಚೆ ಅತ್ತಳು. ವರದಿಗಾರನೂ ಅತ್ತನು. ಬೀಳ್ಕೊಡುಗೆಯ ಭಾನುವಾರ ಇದನ್ನು ಓದಿದಾಗ, ಇನ್ನೂ ನಡೆಯದಿದ್ದ ಆ ಘಟನೆಗಾಗಿ ಇಡೀ ಸಭೆ ಎರಡು ನಿಮಿಷ ಅತ್ತಿತು. ಸಂಚಿಕೆ ಆಗಲೇ ಅಚ್ಚಿಗೆ ಹೋಗಿತ್ತು.

ಎಡವಟ್ಟಾದದ್ದು ಆರಾಧನೆ ಮುಗಿದ ಮೇಲೆ. ಕಾಣಿಕೆ ಎಂದು ಬರೆದ ಮೇಲೆ ಕಾಣಿಕೆ ಹೋಗಲೇಬೇಕು. ಬರಿಗೈಲಿ ಒಬ್ಬರ ಮನೆಗೆ ಹೋಗುವುದು ನಮ್ಮವರಿಗೆ ಗೊತ್ತಿಲ್ಲ. ಸ್ತ್ರೀಯರ ಕೂಟದವರು ವಾರ್ಷಿಕೋತ್ಸವದ ನೀಲಿ ಬಟ್ಟೆಯನ್ನು ಹರಡಿಕೊಂಡು ಕೂತಿದ್ದರು. ಕಾಬಾ ರವಿಕೆ, ಅದಕ್ಕೊಪ್ಪುವ ಉದ್ದ ಲಂಗ. ಹೊಲಿಯುವವರು ಯಾರು ಎಂಬ ಮಾತು ಬಂದಾಗ ಮೂಲೆಯಿಂದ ಒಂದು ದನಿ, "ನಾನು ಹೊಲೀತೀನಿ" ಎಂದಿತು.

ಎಲ್ಲರೂ ತಿರುಗಿ ನೋಡಿದರು. ಅದು ಅಫುವಾ ಬಿರಾಗೊ, ಅಸಾರೆಯವರ ಅತ್ತೆ. ಮಗಳು ಹೋದ ದಿನ ಹೊಲಿಗೆಯಂತ್ರದ ಮುಚ್ಚಳ ಹಾಕಿದ ಹೆಂಗಸು. ಆರು ವರ್ಷದಿಂದ ಆ ಮುಚ್ಚಳದ ಮೇಲೆ ಅಳಿಯನ ಮನೆಯ ಇಸ್ತ್ರಿ ಬಟ್ಟೆ ಕೂತಿರುತ್ತಿತ್ತು.

"ಅಳಿಯಂದ್ರೇ, ಮಾರ್ಗರೆಟಳ ಅಳತೆ ಹೇಳಿ."

ಮಾರ್ಗರೆಟ್ ಎಂಬವಳೇ ಇಲ್ಲ ಎಂದು ಹೇಳುವುದಕ್ಕೆ ಇದು ಒಳ್ಳೆಯ ಸಮಯವಾಗಿತ್ತು. ಆದರೆ ಖಾಲಿ ಕಲಂ ಬಿಡುವುದು ಅಸಾರೆಯವರ ಜಾಯಮಾನವಲ್ಲ.

"ಎದೆ ನಲವತ್ತೆರಡು, ಸೊಂಟ ಮೂವತ್ತೆಂಟು, ತೋಳು ಹದಿನೇಳು" ಎಂದರು, ಒಂದೇ ಉಸಿರಿಗೆ. ಎಲ್ಲಿಂದ ಬಂತೋ ಬಾಯಿಗೆ ಬಂತು.

ಅತ್ತೆ ಅವರ ಮುಖವನ್ನು ಒಂದು ಗಳಿಗೆ ನೋಡಿದರು.

"ಬರ್ಕೊಳ್ಳಿ ಅತ್ತೆ, ಮರೆತುಹೋಗುತ್ತೆ."

"ಬೇಡ. ನೆನಪಿರುತ್ತೆ."

ಹೊರಡುವ ದಿನ ಆಕೆ ಉಡುಪನ್ನು ಮಡಿಸಿ ಕೊಡುತ್ತಾ ಹೇಳಿದ್ದು ಇಷ್ಟೇ: "ಅವಳು ತೊಟ್ಕೊಂಡಿರೋ ಫೋಟೋ ತನ್ನಿ. ವಾಪಸ್ ಮಾತ್ರ ತರಬೇಡಿ. ಇದನ್ನ ಮತ್ತೆ ಪೆಟ್ಟಿಗೇಲಿ ನೋಡೋ ಶಕ್ತಿ ನನಗಿಲ್ಲ." ವರದಿ ಸುಳ್ಳಾದರೆ ಇನ್ನೊಂದು ಬರೆಯಬಹುದು. ಅತ್ತೆಗೆ ಇನ್ನೊಂದು ಸಲ ಯಂತ್ರದ ಮುಚ್ಚಳ ತೆಗೆಸುವುದು ಯಾರಿಂದಲೂ ಆಗದ ಕೆಲಸ.

ವಿಮಾನದಲ್ಲಿ ಅವರು ಎರಡು ಸಲ ವಾಂತಿ ಮಾಡಿಕೊಂಡರು, ಸೀಟಿನ ಪಟ್ಟಿ ಬಿಚ್ಚಲು ಬಾರದೆ ಇಳಿಯುವ ಹೊತ್ತಿಗೆ ಪಕ್ಕದವರ ಸಹಾಯ ಕೇಳಿದರು. ಆದರೆ ಪುಟ ಒಂದರಲ್ಲಿ 'ಪ್ರಯಾಣವು ಸುಖಕರವಾಗಿತ್ತು' ಎಂದು ಅಚ್ಚಾಗಿದ್ದುದರಿಂದ ಪ್ರಯಾಣ ಸುಖಕರವಾಗಿತ್ತು.

ಇನ್ವರ್‌ಡೋರಿಯ ದೇವಾಲಯದಲ್ಲಿ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಹೀಟರ್ ಇತ್ತು. ಆದರೆ ಅಲ್ಲಿನ ನಿಯಮದ ಪ್ರಕಾರ ಹಾಜರಿ ಇಪ್ಪತ್ತು ದಾಟಿದರೆ ಮಾತ್ರ ಹೀಟರ್ ಹಚ್ಚತಕ್ಕದ್ದು. ಅವರು ಏಳು, ತಂಡದವರು ಆರು. ನಮ್ಮ ತಂಡದ ಅಡುಗೆಯ ಡಾರ್ಕಸ್ ಹಲ್ಲು ಕಟಕಟಿಸುತ್ತಾ, "ಹದಿಮೂರು ಜನ ಸತ್ರೆ ಹೀಟರ್ ಹಚ್ತಾರೋ ಕೇಳಿ" ಎಂದಳು. ನಿಯಮ ಬರೆದವರು, ಹೀಟರಿನ ಕೀಲಿ ಇಟ್ಟುಕೊಂಡವರು, ಆರ್ಗನ್ ನುಡಿಸುವವರು, ಹಾಜರಿ ಎಣಿಸುವವರು ಎಲ್ಲ ಒಬ್ಬರೇ: ಇಸೊಬೆಲ್ ಗೆಡ್ಡಿಸ್, ವಯಸ್ಸು ಎಂಬತ್ತೊಂದು, ಕಡ್ಡಿಯಂಥ ಮೈ.

ಆ ಏಳು ಮಂದಿಯಲ್ಲಿ ನಾಲ್ವರು ಗಂಡಸರು. ಹೆಂಗಸರಲ್ಲಿ ಇಬ್ಬರು ಒಂದೇ ಮನೆಯಲ್ಲಿರುವ ಅಕ್ಕತಂಗಿಯರು. ಆದ್ದರಿಂದ ಒಂಟಿ ಎನ್ನುವಂತಿಲ್ಲ. ಹೀಗೆ ಸೂಕ್ತ ವಿಚಾರಣೆಯ ಬಳಿಕ ಮಾರ್ಗರೆಟಳ ಸ್ಥಾನಕ್ಕೆ ಅರ್ಹರಾಗಿ ಉಳಿದವರು ಮಿಸೆಸ್ ಗೆಡ್ಡಿಸ್ ಒಬ್ಬರೇ. ಮೂರನೆಯ ದಿನ ಅಸಾರೆಯವರು ಕಸಬರಿಕೆ, ಉಡುಪಿನ ಗಂಟು, ಡಾರ್ಕಸ್, ಇಷ್ಟರೊಂದಿಗೆ ಅವರ ಬಾಗಿಲು ಬಡಿದರು.

"ಏನಿದು?"

"ನಿಮ್ಮ ಅಂಗಳ ಗುಡಿಸೋಕೆ ಬಂದ್ವಿ, ಅಮ್ಮಾ."

"ನಾನು ನಿಮ್ಮಮ್ಮ ಅಲ್ಲ. ಮಿಸೆಸ್ ಗೆಡ್ಡಿಸ್. ಅದು ಅಂಗಳಾನೂ ಅಲ್ಲ, ಜಲ್ಲಿ. ದುಡ್ಡು ಕೊಟ್ಟು ಹಾಸಿಸಿದ್ದು."

"ಗುಡಿಸ್ಲಿ ಬಿಡಿ, ತಾಯಿ" ಎಂದಳು ಡಾರ್ಕಸ್. "ಅಚ್ಚಾಗಿಬಿಟ್ಟಿದೆ."

ಅಸಾರೆಯವರು ಜಲ್ಲಿಯನ್ನು ಶ್ರದ್ಧೆಯಿಂದ ಗುಡಿಸಿ ಬೇಲಿಯ ಬುಡಕ್ಕೆ ಒಟ್ಟಿದರು. ಬಾಗಿಲ ಮುಂದೆ ಬರೀ ಕೆಸರು ಉಳಿಯಿತು. ಮಿಸೆಸ್ ಗೆಡ್ಡಿಸ್ ಅದನ್ನೊಮ್ಮೆ, ಇವರನ್ನೊಮ್ಮೆ ನೋಡಿ, ಒಳಗೆ ಕರೆದರು. ಮನೆಯೂ ದೇವಾಲಯದಷ್ಟೇ ತಣ್ಣಗಿತ್ತು. ಅಕ್ಟೋಬರ್ ಒಂದರವರೆಗೆ ಹೀಟರ್ ಹಚ್ಚಬಾರದು ಎಂಬುದು ಅವರ ಮನೆಯ ನಿಯಮ. ಅವರು ಮೂರು ಸ್ವೆಟರ್, ಅದರ ಮೇಲೊಂದು ಕೋಟು ಹಾಕಿಕೊಂಡೇ ಚಹಾ ಬಸಿದರು.

ಅಸಾರೆಯವರು ಇನ್ನು ಮುಚ್ಚಿಡಲಾರದೆ ಸಂಚಿಕೆಯನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದರು. ತಾವು ಬರೆದ ನಿಯಮ, ತಾವೇ ಕಟ್ಟಿದ ಮಾರ್ಗರೆಟ್, ಮಗಳು ಸತ್ತ ಮೇಲೆ ಮೊದಲ ಸಲ ಅತ್ತೆ ಹೊಲಿದ ಉಡುಪು. ಒಬ್ಬ ಐವತ್ತೇಳು ವರ್ಷದ ಗಂಡಸು ತನ್ನ ಪೆದ್ದುತನವನ್ನು ಇಷ್ಟು ಕ್ರಮಬದ್ಧವಾಗಿ ಒಪ್ಪಿಸಿದ್ದನ್ನು ಇನ್ವರ್‌ಡೋರಿ ಅದುವರೆಗೆ ಕೇಳಿರಲಿಲ್ಲ.

ಮಿಸೆಸ್ ಗೆಡ್ಡಿಸ್ ಕೆಂಪು ಪೆನ್ನು ಹಿಡಿದು ವರದಿ ಓದಿದರು. ಒಂದು ಕಡೆ ಅಲ್ಪವಿರಾಮ ಹಾಕಿದರು.

"ಇದರಲ್ಲಿರೋದು ಇವತ್ತಿನ ತಾರೀಕು."

"ಹೌದು."

"ನಾನಿನ್ನೂ ಅತ್ತಿಲ್ಲ."

"ಇಲ್ಲ, ಮಿಸೆಸ್ ಗೆಡ್ಡಿಸ್."

"ಹೆಸರು ತಿದ್ದೋಕಾಗಲ್ವಾ? ನಾನು ಇಸೊಬೆಲ್."

"ಎಂಟುನೂರು ಪ್ರತಿ ಹಂಚಿಬಿಟ್ಟಿದಾರೆ."

ಅವರು ಪೆನ್ನು ಮುಚ್ಚಿದರು. ನಲವತ್ತು ವರ್ಷ ಸಭೆಯ ನಡಾವಳಿ ಬರೆದ ಕೈ ಅದು. "ಅಚ್ಚಾದದ್ದನ್ನ ಬದಲಾಯಿಸಬಾರದು. ಸರಿ. ನಾಲ್ಕು ಗಂಟೆವರೆಗೆ ನಾನು ಮಾರ್ಗರೆಟ್. ಕೊಡಿ ಅದನ್ನ."

ಕಾಬಾ ಅವರ ಮೈಗೆ ಇಬ್ಬರು ಹಿಡಿಸುವಷ್ಟು ದೊಗಲೆ. ಡಾರ್ಕಸ್ ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಆಮೇಲೆ ಚಳಿ ತಡೆಯದೆ ಮಿಸೆಸ್ ಗೆಡ್ಡಿಸ್ ಮೂರು ಸ್ವೆಟರು, ಕೋಟು ಎಲ್ಲವನ್ನೂ ಮತ್ತೆ ಹಾಕಿಕೊಂಡು ಅದರ ಮೇಲೆ ಕಾಬಾ ತೊಟ್ಟರು. ಅಳತೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಕನ್ನಡಿಯ ಮುಂದೆ ತಿರುಗಿದ ಅವರು ಎಡ ಭುಜವನ್ನು ಒತ್ತಿ ನೋಡಿದರು.

"ನಿಮ್ಮತ್ತೆ ಇಲ್ಲೊಂದು ಹತ್ತಿ ಮಡಿಕೆ ಇಟ್ಟಿದಾರೆ. ಎಡಗಡೆ ಮಾತ್ರ. ಬಲಗಡೆ ಇಲ್ಲ. ಮಾರ್ಗರೆಟಳ ಎಡ ಭುಜ ತಗ್ಗಾಗಿತ್ತು ಅಂತ ವರದೀಲಿ ಇಲ್ಲವಲ್ಲ?"

ಇರಲಿಲ್ಲ. ಅಸಾರೆಯವರು ಎದೆ ಹೇಳಿದ್ದರು, ಸೊಂಟ ಹೇಳಿದ್ದರು, ತೋಳು ಹೇಳಿದ್ದರು. ಭುಜದ ಮಾತೇ ಎತ್ತಿರಲಿಲ್ಲ. ಎಡ ಭುಜ ತಗ್ಗಾಗಿದ್ದದ್ದು ಹೆಂಡತಿ ಅಕೋಸುವಾಳಿಗೆ. ಹುಡುಗಿಯಾಗಿದ್ದಾಗ ಮಾವಿನ ಮರದಿಂದ ಬಿದ್ದು ಮುರಿದುಕೊಂಡದ್ದು. ಅವಳ ಪ್ರತಿ ರವಿಕೆಗೂ ಅವಳಮ್ಮ ಅಲ್ಲೊಂದು ಮಡಿಕೆ ಹತ್ತಿ ಇಡುತ್ತಿದ್ದರು. ಆ ಬಟ್ಟೆಗಳನ್ನು, ಆ ಅಳತೆಗಳನ್ನು ಅತ್ತೆಯ ಮನೆಗೆ ಇಪ್ಪತ್ತು ವರ್ಷ ಹೊತ್ತು ತಿರುಗಿದವರು ಅಸಾರೆಯವರೇ. ಬಾಯಿಗೆ ಬಂದ ಲೆಕ್ಕ ಎಲ್ಲಿಂದ ಬಂದಿತ್ತು ಎಂದು ಈಗ ತಿಳಿಯಿತು. ಅತ್ತೆಗೆ ಅವತ್ತೇ ತಿಳಿದಿತ್ತು.

ಅಸಾರೆಯವರು ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟರು. ಆಮೇಲೆ ಮುಖ ಮುಚ್ಚಿಕೊಂಡು, ಆರು ವರ್ಷದ್ದನ್ನೆಲ್ಲ ಒಟ್ಟಿಗೆ ಅತ್ತರು. ಸರದಿಯಲ್ಲಿ ಮುಂದಿನವರು ಯಾರೂ ಇರಲಿಲ್ಲ.

ಮಿಸೆಸ್ ಗೆಡ್ಡಿಸ್ ಅಸಾರೆಯವರ ಬೆನ್ನು ತಟ್ಟಲಿಲ್ಲ. ಅದು ಅವರಿಗೆ ಬರುವ ವಿದ್ಯೆಯಲ್ಲ. ಬಟ್ಟಲಿಗೆ ಇನ್ನಷ್ಟು ಚಹಾ ಬಸಿದು, ಅವರು ಮೂಗು ಒರೆಸಿಕೊಳ್ಳುವವರೆಗೆ ಕಾದು, ಗಡಿಯಾರ ನೋಡಿದರು. ಮೂರೂ ನಲವತ್ತು.

"ನಿಮ್ಮ ಪಾಲಿನದು ಆಯ್ತು. ನಂದು ಬಾಕಿ. ನನಗೆ ಅಳು ಬರಲ್ಲ, ಮೊದಲೇ ಹೇಳ್ತೀನಿ. ನಮ್ಮನೆಯವರು ಹೋದ ದಿನ ಅರವತ್ತು ಜನಕ್ಕೆ ಚಹಾ ಕೊಡೋದಿತ್ತು. ಆವತ್ತು ತಪ್ಪಿದ್ದು ತಪ್ಪೇಹೋಯ್ತು."

"ತಾಯಿ, ಇದೊಂದು ಚಮಚ ನೋಡಿ" ಎಂದು ಡಾರ್ಕಸ್ ಚೀಲದಿಂದ ಷಿತೋ ಚಟ್ನಿಯ ಬಾಟಲಿ ತೆಗೆದಳು. "ನಮ್ಮೂರಲ್ಲಿ ಮಕ್ಕಳೂ ತಿಂತಾರೆ."

ಮಿಸೆಸ್ ಗೆಡ್ಡಿಸ್ ಔಷಧಿ ಕುಡಿಯುವಂತೆ ಚಮಚ ತುಂಬಾ ನುಂಗಿದರು. ಮುಖ ಕೆಂಪಾಯಿತು. ಕಣ್ಣು ತುಂಬಿ ಕೆನ್ನೆಯ ಮೇಲೆ ಹರಿಯಿತು. ಡಾರ್ಕಸ್ ಫೋಟೋ ತೆಗೆದಳು. ಸಮಯ ಮೂರೂ ನಲವತ್ತೆಂಟು. ಕಲಂ ಒಂಬತ್ತು ಭರ್ತಿಯಾಯಿತು.

ಷಿತೋದ ಖಾರ ಹೆಚ್ಚೆಂದರೆ ಐದು ನಿಮಿಷ. ಮಿಸೆಸ್ ಗೆಡ್ಡಿಸರ ಕಣ್ಣು ನಾಲ್ಕೂಕಾಲರವರೆಗೂ ಸುರಿಯುತ್ತಿತ್ತು. ಅಷ್ಟು ಹೊತ್ತಿಗೆ ಅವರು ಮಾರ್ಗರೆಟ್ ಆಗಿರಲಿಲ್ಲವಾದ್ದರಿಂದ ವರದಿಗೆ ಅದು ಸಂಬಂಧಿಸಿದ್ದಲ್ಲ. ಮರುದಿನ ಭಾನುವಾರ ದೇವಾಲಯದ ಹಾಜರಿ ಪುಸ್ತಕದಲ್ಲಿ ಅವರು ಹದಿಮೂರರ ಬದಲು ಇಪ್ಪತ್ತೊಂದು ಎಂದು ಬರೆದು, ಯಾರೂ ಕೇಳದಿದ್ದರೂ "ಎಣಿಕೆ ತಪ್ಪಿತು" ಎಂದು ಹೇಳಿ, ಹೀಟರ್ ಹಚ್ಚಿದರು.

ಆರೂ ಮಂದಿ ವಾಪಸು ಬಂದದ್ದು ಸಭೆಗೆ ಮೊದಲ ಅಚ್ಚರಿ. ಎರಡನೆಯದು, ವರದಿಗೂ ನಡೆದದ್ದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲದ್ದು. ಸಮಿತಿ ಸೇರಿ ಫೋಟೋವನ್ನು ಸಂಚಿಕೆಯ ಜೊತೆ ಹೋಲಿಸಿ ನೋಡಿ, ನಿಯಮ ಹನ್ನೊಂದು ದೈವಪ್ರೇರಿತ ಎಂದು ಗೊತ್ತುವಳಿ ಮಾಡಿತು. ಮುಂದಿನ ವರ್ಷದಿಂದ ಭಾನುವಾರದ ಕಾಣಿಕೆಯ ಮೊತ್ತವನ್ನೂ ಶನಿವಾರವೇ ಪ್ರಕಟಿಸತಕ್ಕದ್ದು ಎಂದಾಯಿತು. ಅಸಾರೆಯವರು ನಡಾವಳಿ ಬರೆದುಕೊಂಡು ಸುಮ್ಮನೆ ಸಹಿ ಹಾಕಿದರು. ನಿಜ ಹೇಳಿದರೆ ಎಂಟುನೂರು ಪ್ರತಿ ಸುಳ್ಳಾಗುತ್ತಿತ್ತು. ಅದೂ ಅಲ್ಲದೆ, ಈಗ ಅದು ಸುಳ್ಳೂ ಆಗಿರಲಿಲ್ಲ.

ಮನೆಯಲ್ಲಿ ಅತ್ತೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಳುತ್ತಿದ್ದ ಮುದುಕಿಯ ಮುಖವನ್ನಲ್ಲ.

"ಎಡ ಭುಜ ಸರಿಯಾಗಿ ಕೂತಿದೆ."

"ಹೌದು, ಅತ್ತೆ."

"ಮುಂದಿನ ವರ್ಷ ಅಲ್ಲಿ ಇನ್ನೊಬ್ಬಳು ಮಾರ್ಗರೆಟ್ ಸಿಗ್ತಾಳಾ, ಅಳಿಯಂದ್ರೇ?"

"ಸಿಗ್ತಾಳೆ."

"ಹಾಗಾದ್ರೆ ಅಳತೆ ಹೇಳಿ."

ಹೊಲಿಗೆಯಂತ್ರದ ಮುಚ್ಚಳ ತೆಗೆದೇ ಇತ್ತು. ಅಸಾರೆಯವರು ಪಕ್ಕದ ಸ್ಟೂಲಿನ ಮೇಲೆ ಕೂತು, ಎದೆ, ಸೊಂಟ, ತೋಳು ಎಂದು ಈ ಸಲ ನಿಧಾನವಾಗಿ, ಒಂದೊಂದಾಗಿ ಹೇಳಿದರು. ಅತ್ತೆ ಕೇಳಿಸಿಕೊಂಡರು. ಬರೆದುಕೊಳ್ಳಲಿಲ್ಲ.

ಅಂದಿನಿಂದ ಪ್ರತಿ ವರ್ಷ ಒಂದು ಕಾಬಾ ಹೋಗುತ್ತಿದೆ. ಸ್ಕಾಟ್ಲೆಂಡಿನ ಒಂಟಿ ವೃದ್ಧೆಯರೆಲ್ಲರ ಮೈ ಅಳತೆ ಒಂದೇ ಎಂದೂ, ಅವರೆಲ್ಲರ ಎಡ ಭುಜ ತುಸು ತಗ್ಗಾಗಿರುತ್ತದೆ ಎಂದೂ ಸಮಿತಿಯ ದಫ್ತರದಲ್ಲಿ ದಾಖಲಾಗಿದೆ. ಇದುವರೆಗೆ ಯಾರೂ ಆಕ್ಷೇಪಣೆ ಸಲ್ಲಿಸಿಲ್ಲ.